‘ಮೊದಲ ಸಲ ಹೆಣೆಯುವವರಿಗೂ ಸುಲಭ’ ಎಂದಿತ್ತು ಪೆಟ್ಟಿಗೆಯ ಮೇಲೆ

ಕ್ರೋಶಾದಲ್ಲಿ, ಅಂದರೆ ಕೊಕ್ಕೆಯಿಂದ ನೂಲನ್ನು ಕುಣಿಕೆ ಕುಣಿಕೆಯಾಗಿ ಎಳೆದು, ಹೆಣೆಯುವ ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆಗಳ) ಪೆಟ್ಟಿಗೆಯೊಂದನ್ನು ಮಗಳು ಅಕ್ಟೋಬರಿನಲ್ಲಿ ಕಳುಹಿಸಿದಳು. ಅದರ ಮುಚ್ಚಳದ ಮೇಲೆ ಎರಡು ಮಾತು ಅಚ್ಚಾಗಿವೆ. ಒಂದು, ‘ಮೊದಲ ಸಲ ಹೆಣೆಯುವವರಿಗೂ ಸುಲಭ’. ಇನ್ನೊಂದು, ‘ಬೇಕಾದುದೆಲ್ಲ ಒಳಗೇ ಇದೆ’. ಎರಡೂ ಸುಳ್ಳು. ಆದರೂ ನಾನು ಈ ಪೆಟ್ಟಿಗೆಗೆ ಐದರಲ್ಲಿ ಮೂರು ನಕ್ಷತ್ರ ಕೊಡುತ್ತಿದ್ದೇನೆ. ಮೂರು ಹೇಗೆ ಬಂತು, ಉಳಿದೆರಡು ಎಲ್ಲಿ ಹೋದವು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನನಗೆ ಎಪ್ಪತ್ತೆರಡು ವರ್ಷ. ಮೂವತ್ತನಾಲ್ಕು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವನು. ಅಚ್ಚಾದದ್ದನ್ನೆಲ್ಲ ಅನುಮಾನದಿಂದಲೇ ಓದುವ ಕಾಯಿಲೆ ನಿವೃತ್ತಿಯ ನಂತರವೂ ಬಿಟ್ಟಿಲ್ಲ.

ಪೆಟ್ಟಿಗೆ ನಿಜವಾಗಿ ಬಂದದ್ದು ನನ್ನ ಹೆಂಡತಿಗೆ. ಕ್ರೋಶಾ ಅವಳ ಕೈಕೆಲಸ. ನಮ್ಮ ಮನೆಯಲ್ಲಿ ಮೇಜು, ಕುರ್ಚಿಯ ಬೆನ್ನು, ರೇಡಿಯೋ, ಕೊನೆಗೆ ಬಳಸುವುದನ್ನೇ ಬಿಟ್ಟ ಟೆಲಿಫೋನು, ಎಲ್ಲದಕ್ಕೂ ಅವಳು ಹೆಣೆದ ಬಿಳಿ ಹೊದಿಕೆಗಳಿವೆ. ಹಳೆಯ ಗೋದಲಿಯ ಗೊಂಬೆಗಳು ಪ್ಲಾಸ್ಟರಿನವು. ಅದರ ಹಿಂದಿನ ವರ್ಷದ ಕ್ರಿಸ್‌ಮಸ್‌ನಲ್ಲಿ ಎರಡು ವರ್ಷದ ಕಿರಿಯ ಮೊಮ್ಮಗ ಕತ್ತೆಯನ್ನು ಕಿವಿ ಹಿಡಿದು ಎತ್ತಿದ. ಕಿವಿ ಅವನ ಕೈಯಲ್ಲಿ ಉಳಿಯಿತು, ಕತ್ತೆ ನೆಲದ ಮೇಲೆ ನಾಲ್ಕು ತುಂಡಾಯಿತು. ಅವನು ಅತ್ತದ್ದು ಕತ್ತೆಗಾಗಿ. ನಾವೆಲ್ಲ ಬೈದದ್ದು ಅವನನ್ನು. ಮುಟ್ಟಬಾರದ ಗೋದಲಿಯನ್ನು ಮಕ್ಕಳಿರುವ ಮನೆಯಲ್ಲಿ ಏಕೆ ಇಡಬೇಕು ಎಂದು ಮಗಳು ಕೇಳಿದಳು. ಮುಂದಿನ ಸಲ ಬಿದ್ದರೂ ಒಡೆಯದ ಗೋದಲಿ ಮಾಡುತ್ತೇನೆ ಎಂದು ಅಜ್ಜಿ ಮಾತು ಕೊಟ್ಟಳು.

ನವೆಂಬರಿನ ಮೊದಲ ವಾರದಲ್ಲಿ ಸ್ನಾನದ ಮನೆಯ ಹೊಸ್ತಿಲಲ್ಲಿ ಜಾರಿ ಬಿದ್ದು ಅವಳ ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ಅಂದು ಸಂಜೆ ಪೆಟ್ಟಿಗೆಯನ್ನು ಎಡಗೈಯಿಂದ ನನ್ನ ಕಡೆಗೆ ತಳ್ಳಿ, “ನೀವು ಹೆಣೆಯಿರಿ, ನಾನು ಹೇಳಿಕೊಡುತ್ತೇನೆ” ಎಂದಳು. ಮೊದಲ ಸಲ ಹೆಣೆಯುವವನು ಹೀಗೆ ಸಿಕ್ಕಿಬಿದ್ದ.

ಒಳಗಿದ್ದ ಸಾಮಾನು ಇಷ್ಟು: ಹತ್ತು ಬಣ್ಣದ ಹತ್ತಿ ನೂಲು, ಒಂದೊಂದು ಉಂಡೆಯೂ 25 ಗ್ರಾಂ, 2.5 ಮಿಲಿಮೀಟರಿನ ಒಂದು ಅಲ್ಯೂಮಿನಿಯಂ ಕೊಕ್ಕೆ. ದಪ್ಪ ಕಣ್ಣಿನ ಎರಡು ಸೂಜಿ. ಕುಣಿಕೆಗೆ ಗುರುತು ಹಾಕುವ ಪ್ಲಾಸ್ಟಿಕ್ ಪಿನ್ನುಗಳು. ತುಂಬಲು ಪಾಲಿಯೆಸ್ಟರ್ ಹತ್ತಿ. 6 ಮಿಲಿಮೀಟರಿನ ಇಪ್ಪತ್ತೆರಡು ಕಪ್ಪು ಪ್ಲಾಸ್ಟಿಕ್ ಕಣ್ಣು. ಮಡಿಚಿ ನಿಲ್ಲಿಸುವ ರಟ್ಟಿನ ಕೊಟ್ಟಿಗೆ. ಇಂಗ್ಲಿಷಿನ ಒಂದು ಪುಸ್ತಿಕೆ. ಮಾಡಬೇಕಾದ ಗೊಂಬೆಗಳು ಹನ್ನೆರಡು: ಮರಿಯಮ್ಮ, ಯೋಸೇಫ, ಮಗು, ಒಬ್ಬ ಕುರುಬ, ಮೂವರು ಜ್ಞಾನಿಗಳು, ಎತ್ತು, ಕತ್ತೆ, ಮೂರು ಕುರಿ. ಮಗುವಿನದು ಮುಚ್ಚಿದ ಕಣ್ಣು, ದಾರದಲ್ಲಿ ಬಿಡಿಸುವುದು. ಉಳಿದ ಹನ್ನೊಂದಕ್ಕೆ ಲೆಕ್ಕ ಸರಿಯಾಗಿ ಇಪ್ಪತ್ತೆರಡು ಕಣ್ಣು. ಒಂದು ಕಣ್ಣು ಸೋಫಾದ ಅಡಿಗೆ ಉರುಳಿದರೆ ಒಬ್ಬ ಜ್ಞಾನಿ ಒಕ್ಕಣ್ಣನೇ.

ಇವುಗಳನ್ನು ಇಡಲು ಮಾತ್ರ ನನ್ನ ಬಳಿ ರಾಜಯೋಗ್ಯವಾದ ವ್ಯವಸ್ಥೆ ಇತ್ತು. ಮುದ್ರಣಾಲಯದವರು ಸೀಸದ ಅಚ್ಚುಮೊಳೆಗಳನ್ನು ಕರಗಿಸಲು ಕೊಟ್ಟಾಗ ಖಾಲಿ ಖಾನೆಯ ಮರದ ತಟ್ಟೆಯೊಂದನ್ನು ಕೇಳಿ ತಂದಿದ್ದೆ. ಯಾವ ಖಾನೆಯಲ್ಲಿ ಯಾವ ಅಕ್ಷರವಿತ್ತು ಎಂಬ ಚೀಟಿಗಳು ಇನ್ನೂ ಅಂಟಿಕೊಂಡಿವೆ. ‘ಕ’ ಖಾನೆಗೆ ಕಣ್ಣು ಮತ್ತು ಕೊಕ್ಕೆ, ‘ಸ’ ಖಾನೆಗೆ ಸೂಜಿ, ‘ಗ’ ಖಾನೆಗೆ ಗುರುತಿನ ಪಿನ್ನು. ಹತ್ತು ವರ್ಷದ ಹಿರಿಯ ಮೊಮ್ಮಗಳು ವಾರಾಂತ್ಯಕ್ಕೆ ಬಂದವಳು, ಕತ್ತರಿಯೂ ‘ಕ’ಕ್ಕೇ ಬರಬೇಕಲ್ಲವೇ ತಾತ ಎಂದಳು. ಖಾನೆ ಚಿಕ್ಕದು. ಕತ್ತರಿ ಹೊರಗೇ ಉಳಿಯಿತು.

ನೂಲು ಒಳ್ಳೆಯದು, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಎಳೆ ಬಿಚ್ಚಿಕೊಳ್ಳುವುದಿಲ್ಲ, ಕೊಕ್ಕೆಗೆ ಅರ್ಧ ಎಳೆ ಮಾತ್ರ ಸಿಕ್ಕಿ ಸೀಳುವುದಿಲ್ಲ. ನನ್ನಂಥವನು ಒಂದೇ ಸುತ್ತನ್ನು ಒಂಬತ್ತು ಸಲ ಬಿಚ್ಚಿ ಹೆಣೆದರೂ ಅದು ನಾರಾಗಲಿಲ್ಲ. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಗುಣ ಬೇರೆ ಇಲ್ಲ. ಆದರೆ ಬಣ್ಣ ಆರಿಸಿದವರಿಗೆ ಖಂಡಿತ ನಲವತ್ತು ದಾಟಿರಲಿಕ್ಕಿಲ್ಲ. ಪುಸ್ತಿಕೆಯಲ್ಲಿ ಮೊದಲ ಗೊಂಬೆ ಯೋಸೇಫ. ಅವನ ನಿಲುವಂಗಿ ಕಡು ಕಂದು. ಕಡು ಬಣ್ಣದ ನೂಲಿನಲ್ಲಿ ಕುಣಿಕೆ ಯಾವುದು, ಎರಡು ಕುಣಿಕೆಗಳ ನಡುವಿನ ಸಂದು ಯಾವುದು ಎಂದು ವಯಸ್ಸಾದ ಕಣ್ಣಿಗೆ ತಿಳಿಯುವುದೇ ಇಲ್ಲ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಒಳಗಿನ ಮಸೂರ ಹಳದಿಗಟ್ಟುತ್ತದೆ. ಮೊದಲಿಗಿಂತ ಹೆಚ್ಚು ಬೆಳಕು ಬೇಕಾಗುತ್ತದೆ. ಅಜ್ಜಂದಿರು, ಅಜ್ಜಿಯರು ಕೈಗೆತ್ತಿಕೊಳ್ಳುವುದೇ ಹೆಚ್ಚಾಗಿರುವ ಇಂಥ ಪೆಟ್ಟಿಗೆಯಲ್ಲಿ ಕುರಿಯನ್ನು ಮೊದಲು ಇಟ್ಟು ಯೋಸೇಫನನ್ನು ಕೊನೆಗೆ ಇಡಬಹುದಿತ್ತು. ಕೊಳ್ಳುವವರಿಗೆ ನನ್ನ ಮೊದಲ ಸಲಹೆ: ತಿಳಿ ಬಣ್ಣದ ಗೊಂಬೆಯಿಂದ ಪ್ರಾರಂಭಿಸಿ. ಕಡು ಬಣ್ಣವನ್ನು ಹಗಲಲ್ಲಿ, ಕಿಟಕಿಯ ಪಕ್ಕದಲ್ಲಿ, ಮಡಿಲಲ್ಲಿ ಬಿಳಿ ಟವೆಲ್ ಹಾಸಿಕೊಂಡು ಹೆಣೆಯಿರಿ. ಟವೆಲಿನ ಉಪಾಯ ನನ್ನ ಹೆಂಡತಿಯದು. ಸಂದುಗಳಲ್ಲಿ ಬಿಳುಪು ಇಣುಕುತ್ತದೆ, ಕೊಕ್ಕೆ ಅದನ್ನು ಹುಡುಕಿಕೊಳ್ಳುತ್ತದೆ.

ಇನ್ನು ಪುಸ್ತಿಕೆ. ಅರವತ್ತನಾಲ್ಕು ಪುಟ, ಹೊಳೆಯುವ ಕಾಗದ, ಚೆಂದದ ಚಿತ್ರ. ಈ ಬಗೆಯ ಗೊಂಬೆಗೆ ಜಪಾನೀ ಭಾಷೆಯಲ್ಲಿ ಅಮಿಗುರುಮಿ ಎನ್ನುತ್ತಾರೆ. ಹೆಣೆದು, ಒಳಗೆ ಹತ್ತಿ ತುಂಬಿದ ಗೊಂಬೆ ಎಂದು ಅರ್ಥ. ಹೆಣೆಯುವ ಕ್ರಮ ಲೆಕ್ಕದ ಪಾಠದಂತಿದೆ. ನೂಲಿನ ಉಂಗುರ ಮಾಡಿ ಅದರಲ್ಲಿ ಆರು ಕುಣಿಕೆ ಹಾಕುವುದು. ಎರಡನೆಯ ಸುತ್ತಿನಲ್ಲಿ ಪ್ರತಿಯೊಂದರಲ್ಲೂ ಎರಡೆರಡು: ಹನ್ನೆರಡು. ಮೂರನೆಯದರಲ್ಲಿ ಒಂದು ಬಿಟ್ಟು ಒಂದನ್ನು ಇಮ್ಮಡಿಸಿ, ಬಿಟ್ಟದ್ದರಲ್ಲಿ ಒಂದೊಂದೇ ಹಾಕಿದರೆ ಹದಿನೆಂಟು. ನಾಲ್ಕನೆಯದರಲ್ಲಿ ಎರಡು ಬಿಟ್ಟು ಒಂದು: ಇಪ್ಪತ್ತನಾಲ್ಕು. ಪ್ರತಿ ಸುತ್ತಿನಲ್ಲೂ ಆರಾರು ಏರುತ್ತ ಹೋದರೆ ತಟ್ಟೆಯಂತೆ ಚಪ್ಪಟೆಯಾಗಿ ಹರಡುತ್ತದೆ. ಏರಿಸುವುದನ್ನು ನಿಲ್ಲಿಸಿದೊಡನೆ ಅಂಚು ಮೇಲೆದ್ದು ಬಟ್ಟಲಾಗುತ್ತದೆ. ಅದೇ ತಲೆ. ಇದು ಅರ್ಥವಾದ ದಿನ ನಾನು ಊಟಕ್ಕೆ ಎದ್ದಿರಲಿಲ್ಲ.

ಐದನೆಯ ಸುತ್ತಿಗೆ ಬಂದೆ. ‘ಎರಡು ಬಿಟ್ಟು ಒಂದನ್ನು ಇಮ್ಮಡಿಸಿ, ಹೀಗೆ ಆರು ಸಲ, ಒಟ್ಟು 30’ ಎಂದು ಅಚ್ಚಾಗಿತ್ತು. ಆರು ಸಲ ಮಾಡಿದೆ. ಆರು ಕುಣಿಕೆ ಮಿಕ್ಕಿತು. ಬಿಚ್ಚಿದೆ. ಮತ್ತೆ ಮಾಡಿದೆ. ಮತ್ತೆ ಆರು ಮಿಕ್ಕಿತು. ನಾನೇ ಎಣಿಸಲು ತಪ್ಪಿದ್ದೇನೆ ಎಂದುಕೊಂಡು ಎರಡು ಸಂಜೆ ಅದರಲ್ಲೇ ಕಳೆದೆ. ಹೆಂಡತಿ ಪುಸ್ತಿಕೆಯನ್ನು ನೋಡಿರಲೇ ಇಲ್ಲ, ನನ್ನ ಕೊಕ್ಕೆಯ ಸದ್ದಿಗೆ ಕಣ್ಣು ಮುಚ್ಚಿ ಎಣಿಸುತ್ತಿದ್ದವಳು, “ಅಲ್ಲಿ ಮೂರು ಬಿಟ್ಟು ಒಂದು ಬರಬೇಕು. ಅವರು ಏನು ಬರೆದಿದ್ದಾರೆ ನೋಡಿ” ಎಂದಳು. ಮೂರು ಎಂದಿರಬೇಕಾದಲ್ಲಿ ಎರಡು ಎಂದು ಬಿದ್ದಿದೆ. ಮುದ್ರಣದೋಷ! ಮೂವತ್ತನಾಲ್ಕು ವರ್ಷ ಅದನ್ನೇ ಹಿಡಿದು ಸಂಬಳ ಪಡೆದವನು ಎರಡು ಸಂಜೆ ತನ್ನ ಬೆರಳುಗಳನ್ನೇ ದೂರಿಕೊಂಡಿದ್ದೆ. ಇದಕ್ಕೆ ಅರ್ಧ ನಕ್ಷತ್ರ ಕಳೆಯುತ್ತೇನೆ.

ಇನ್ನರ್ಧ ನಕ್ಷತ್ರ ಹೋದದ್ದು ಪಾರಿಭಾಷಿಕ ಪದದಲ್ಲಿ. ಅಮೆರಿಕದವರು ಸಿಂಗಲ್ ಕ್ರೋಶಾ ಎಂದು ಕರೆಯುವ ಗಿಡ್ಡ ಕುಣಿಕೆಯನ್ನೇ ಬ್ರಿಟಿಷರು ಡಬಲ್ ಕ್ರೋಶಾ ಎನ್ನುತ್ತಾರೆ. ಅಮೆರಿಕದವರ ಡಬಲ್ ಎಂದರೆ ಬೇರೆಯೇ ಕುಣಿಕೆ, ಸುಮಾರು ಇಮ್ಮಡಿ ಎತ್ತರದ್ದು. ಎರಡರಲ್ಲಿ ಯಾವುದನ್ನು ಅನುಸರಿಸಿದರೂ ತಕರಾರಿಲ್ಲ. ಈ ಪುಸ್ತಿಕೆ ತಲೆಗೆ ಒಂದು ಪದ್ಧತಿಯನ್ನೂ ಮೈಗೆ ಇನ್ನೊಂದನ್ನೂ ಅನುಸರಿಸಿದೆ. ಇಬ್ಬರು ಬರೆದದ್ದನ್ನು ಮೂರನೆಯವರು ಓದದೆಯೇ ಸೇರಿಸಿದರೆ ಹೀಗಾಗುತ್ತದೆ. ಪರಿಣಾಮವಾಗಿ 11 ಸೆಂಟಿಮೀಟರ್ ಇರಬೇಕಾದ ನನ್ನ ಯೋಸೇಫ 17 ಸೆಂಟಿಮೀಟರ್ ಬೆಳೆದ. ಎತ್ತರದ ಕುಣಿಕೆಗಳ ನಡುವೆ ಕಂಡಿಗಳಾಗಿ ಒಳಗಿನ ಹತ್ತಿ ಹಣಕಿ ನೋಡುತ್ತಿತ್ತು. “ಬಿಚ್ಚಿ” ಎಂದಳು ಹೆಂಡತಿ. ನವೆಂಬರ್ ತಿಂಗಳಿಡೀ ಅವಳು ನನ್ನೊಡನೆ ಆಡಿದ ಮಾತಿನಲ್ಲಿ ಅರ್ಧ ಪಾಲು ಇದೊಂದೇ ಪದ. ಒಂಬತ್ತು ದಿನ ಹೆಣೆದದ್ದನ್ನು ಬಿಚ್ಚಲು ನನಗೆ ಮನಸ್ಸಾಗಲಿಲ್ಲ. ಯೋಸೇಫನ ಎತ್ತರ ಎಷ್ಟೆಂದು ಬೈಬಲಿನಲ್ಲಿ ಎಲ್ಲಿಯೂ ಹೇಳಿಲ್ಲ ಎಂದೆ. ಅವಳು ಉತ್ತರ ಕೊಡಲಿಲ್ಲ. ಕಂಡಿಗಳನ್ನು ಮುಚ್ಚಲು ಒಳಗೊಂದು ಕಂದು ಬಟ್ಟೆಯ ಚೀಲ ಹೊಲಿದು ಅದರೊಳಗೆ ಹತ್ತಿ ತುಂಬುವುದನ್ನು ಮಾತ್ರ ಹೇಳಿಕೊಟ್ಟಳು. ಅವನು ಹಾಗೆಯೇ ಉಳಿದಿದ್ದಾನೆ, ಎತ್ತಿಗಿಂತ ಎತ್ತರ, ಕೊಟ್ಟಿಗೆಯ ಮಾಡಿಗೆ ತಲೆ ತಾಗುವಂತೆ.

ಬೈಬಲಿನ ಮಾತು ಬಂದದ್ದರಿಂದ ಒಂದು ಉಪಕಥೆ. ‘ಸುವಾರ್ತೆಯಲ್ಲಿ ಹೇಳಿರುವ ಹನ್ನೆರಡು ಪಾತ್ರಗಳು’ ಎಂದು ಪುಸ್ತಿಕೆಯ ಮುನ್ನುಡಿ ಹೇಳುತ್ತದೆ. ಕರಡಿನಲ್ಲಿ ಇಂಥದ್ದು ಬಂದಿದ್ದರೆ ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಿದ್ದೆ. ಯೇಸುವಿನ ಕಥೆ ಹೇಳುವ ಸುವಾರ್ತೆಗಳನ್ನು ಬರೆದವರಲ್ಲಿ ಮತ್ತಾಯನು ಜ್ಞಾನಿಗಳು ಬಂದರು ಎನ್ನುತ್ತಾನೆ, ಮೂವರು ಎನ್ನುವುದಿಲ್ಲ. ಕಾಣಿಕೆ ಮೂರು ಇದ್ದುದರಿಂದ ತಂದವರೂ ಮೂವರೆಂದು ನಾವೇ ಎಣಿಸಿಕೊಂಡೆವು. ಎತ್ತು, ಕತ್ತೆಗಳಂತೂ ಲೂಕನ ಜನನದ ಕಥೆಯಲ್ಲಿ ಇಲ್ಲವೇ ಇಲ್ಲ. ಲೂಕನು ಹೇಳುವುದು ಗೋದಲಿಯನ್ನು ಮಾತ್ರ, ದನಕ್ಕೆ ಮೇವು ಹಾಕುವ ಆ ತೊಟ್ಟಿಯನ್ನು. ಎತ್ತು ಮತ್ತು ಕತ್ತೆ ತಮ್ಮ ಒಡೆಯನನ್ನು ಬಲ್ಲವು ಎಂಬ ಮಾತು ಬರುವುದು ಬಹಳ ಹಿಂದಿನ, ಹಳೆಯ ಒಡಂಬಡಿಕೆಯ ಯೆಶಾಯನ ಗ್ರಂಥದ ಮೊದಲ ಅಧ್ಯಾಯದಲ್ಲಿ. ಅಲ್ಲಿಂದ ಅವು ನಡೆದು ಬಂದು ಇಲ್ಲಿ ನಿಂತಿವೆ. ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಗೋದಲಿ ಮಾಡಿದಾಗ ಜೀವಂತ ಎತ್ತು, ಕತ್ತೆಗಳನ್ನೇ ನಿಲ್ಲಿಸಿದ್ದರು. ಇದನ್ನೆಲ್ಲ ನಾನು ಊಟದ ಮೇಜಿನಲ್ಲಿ ವಿವರಿಸುತ್ತಿದ್ದಾಗ ಮೊಮ್ಮಗಳು, “ಹಾಗಾದರೆ ಕತ್ತೆ ಮಾಡುವುದಿಲ್ಲವೇ ತಾತ?” ಎಂದು ಗಾಬರಿಯಿಂದ ಕೇಳಿದಳು. ಕತ್ತೆಯನ್ನು ಮರುದಿನವೇ ಪ್ರಾರಂಭಿಸಿದೆ.

ಕೊಕ್ಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿಡಿ ತೆಳು, ಅರ್ಧ ಗಂಟೆಯಲ್ಲಿ ಹೆಬ್ಬೆರಳಿನ ಬುಡ ನೋಯುತ್ತದೆ. ಮೊಮ್ಮಗಳ ಪೆನ್ಸಿಲ್ಲಿಗೆ ಹಾಕುವ ರಬ್ಬರಿನ ತೋಳನ್ನು ಅದಕ್ಕೆ ತೊಡಿಸಿದ ಮೇಲೆ ಸರಿಯಾಯಿತು. ರಟ್ಟಿನ ಕೊಟ್ಟಿಗೆ ಫ್ಯಾನ್ ಹಾಕಿದರೆ ಮಗುಚಿಕೊಳ್ಳುತ್ತದೆ. ಹಳೆಯ ಮೇಜಿನ ಖಾನೆಯೊಂದನ್ನು ನಿಲ್ಲಿಸಿ, ಮೇಲೆ ಎರಡು ಹಲಗೆ ಇಳಿಜಾರಾಗಿ ಹೊಡೆದು ಬೇರೆಯದೇ ಮಾಡಿಕೊಂಡೆ.

‘ಬೇಕಾದುದೆಲ್ಲ ಒಳಗೇ ಇದೆ’ ಎಂಬ ಎರಡನೆಯ ಮಾತಿಗೆ ಬರೋಣ. ಬಿಳಿ ನೂಲು ಸಾಲುವುದಿಲ್ಲ. ಇದನ್ನು ಹೆಂಡತಿ ಮೊದಲ ಕುರಿ ಮುಗಿದ ದಿನವೇ ಹೇಳಿದಳು. ಅಡುಗೆಮನೆಯ ತಕ್ಕಡಿಯ ಮೇಲೆ ಉಂಡೆಯನ್ನು ಇಡಿಸಿದಳು: 15 ಗ್ರಾಂ ಉಳಿದಿತ್ತು. ಅಂದರೆ ಕುರಿಯೊಂದಕ್ಕೆ 10 ಗ್ರಾಂ. ಮೂರು ಕುರಿಗೆ 30. ಉಂಡೆಯೇ 25. ಅದರಲ್ಲಿಯೇ ಒಬ್ಬ ಜ್ಞಾನಿಯ ಗಡ್ಡವೂ ಮಗುವಿನ ಹೊದಿಕೆಯೂ ಆಗಬೇಕು. ಒಂದು ತಕ್ಕಡಿ, ಒಂದು ಕಳೆಯುವ ಲೆಕ್ಕ. ಪೆಟ್ಟಿಗೆ ತಯಾರಿಸಿದವರಿಗೆ ಇಷ್ಟು ಮಾಡಲು ಏನು ಕಷ್ಟವಿತ್ತೋ ಕಾಣೆ. ಅದೇ ಬಿಳುಪು ಬೇಕೆಂದರೆ ಉಂಡೆಯ ಚೀಟಿಯಲ್ಲಿ ಬಣ್ಣದ ತಂಡದ ಸಂಖ್ಯೆ ಇರಬೇಕು. ಒಂದೇ ಬಣ್ಣವಾದರೂ ಬೇರೆ ಬೇರೆ ಸಲ ಅದ್ದಿದ ನೂಲಿಗೆ ಛಾಯೆ ಸ್ವಲ್ಪ ಬೇರೆಯಾಗುವುದರಿಂದಲೇ ಆ ಸಂಖ್ಯೆಯನ್ನು ಹಾಕುತ್ತಾರೆ. ಈ ಉಂಡೆಗಳಿಗೆ ಚೀಟಿಯೇ ಇಲ್ಲ, ಬರಿಯ ರಬ್ಬರ್ ಬ್ಯಾಂಡು. ಕೊನೆಗೆ ಹೆಂಡತಿಯ ನೂಲಿನ ಡಬ್ಬಿಯಿಂದ ತೆಗೆದು ಮೂರನೆಯ ಕುರಿ ಹೆಣೆದೆವು. ಮೊದಲೆರಡು ಕೆನೆಬಣ್ಣ, ಮೂರನೆಯದು ನೀಲಿ ಹಾಕಿ ಒಗೆದ ಅಂಗಿಯ ಬಿಳುಪು.

ತುಂಬುವ ಹತ್ತಿಯೂ ಹತ್ತನೆಯ ಗೊಂಬೆಗೆ ಮುಗಿಯಿತು. ಕತ್ತರಿಸಿದ ನೂಲಿನ ತುಂಡುಗಳನ್ನೇ ತುಂಬಿ ಉಳಿತಾಯ ಮಾಡಿದೆ ಎಂದು ಬೀಗಿದೆ. ಬೆಳಕಿಗೆ ಹಿಡಿದಾಗ ಕುರಿಯ ಹೊಟ್ಟೆಯಲ್ಲಿ ಕೆಂಪು, ಹಸಿರು ಎಳೆಗಳು ಕಾಣಿಸಿದವು. “ಬಿಚ್ಚಿ.”

ಎಲ್ಲಕ್ಕಿಂತ ಗಂಭೀರವಾದ ತಕರಾರು ಕಣ್ಣುಗಳದ್ದು. ಇಡೀ ಒಂದು ನಕ್ಷತ್ರ ಕಳೆದದ್ದು ಇದಕ್ಕೇ. ಇವುಗಳ ಹೆಸರು ‘ಸುರಕ್ಷಿತ ಕಣ್ಣು’. ಹಿಂದಿನಿಂದ ಬಿಲ್ಲೆಯೊಂದನ್ನು ಒತ್ತಿ ಕೂರಿಸಿದರೆ ಮುಂದಿನಿಂದ ಎಳೆದರೆ ಬರುವುದಿಲ್ಲ. ಆದರೆ ಹೆಣಿಗೆಯ ಕಂಡಿ ಹಿಗ್ಗಿದರೆ, ಅಥವಾ ಮಗು ಹಲ್ಲಿನಲ್ಲಿ ಕಚ್ಚಿ ಎಳೆದರೆ, ಬಿಲ್ಲೆಸಮೇತ ಹೊರಬರಬಹುದು. ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳಿರುವಲ್ಲಿ ಬಳಸಬೇಡಿ ಎಂಬ ಎಚ್ಚರಿಕೆ ಪುಸ್ತಿಕೆಯ ಅರವತ್ತಮೂರನೆಯ ಪುಟದಲ್ಲಿ, ಹಕ್ಕುಸ್ವಾಮ್ಯದ ಸಾಲುಗಳ ಕೆಳಗೆ, ಹೆಚ್ಚೆಂದರೆ ಆರು ಪಾಯಿಂಟ್ ಅಕ್ಷರದಲ್ಲಿದೆ. ಮುಚ್ಚಳದ ಮೇಲೆ ಇರಬೇಕಾದ ಮಾತು ಅದು. ನಾನು ಭೂತಕನ್ನಡಿ ಹಿಡಿದು ಪುಟದ ಮೂಲೆಮೂಲೆಯನ್ನೂ ಓದುವವನಾದ್ದರಿಂದ ಕಂಡಿತು. ಎಲ್ಲರ ಮನೆಯಲ್ಲಿಯೂ ನಿವೃತ್ತ ಕರಡು ತಿದ್ದುವವರು ಇರುವುದಿಲ್ಲ. ಅಷ್ಟರಲ್ಲಿ ಐದು ಗೊಂಬೆಗೆ ಕಣ್ಣು ಕೂರಿಸಿ ಆಗಿತ್ತು. ಎಲ್ಲವನ್ನೂ ಕಿತ್ತು, ಕಪ್ಪು ದಾರದಲ್ಲಿ ಕಣ್ಣು ಹೊಲಿದೆ. ನನ್ನ ಹೊಲಿಗೆಯಿಂದಾಗಿ ಎತ್ತಿಗೆ ಶಾಶ್ವತವಾದ ಆಶ್ಚರ್ಯ ಒದಗಿದೆ, ಕುರುಬ ನಿದ್ದೆಯಿಂದ ಆಗಷ್ಟೇ ಎದ್ದವನಂತಿದ್ದಾನೆ. ಕುರುಬನ ಮಟ್ಟಿಗೆ ಅದು ಸರಿಯೇ, ರಾತ್ರಿಯ ಹೊತ್ತು ತಾನೇ ದೇವದೂತ ಬಂದದ್ದು.

ಮಾರಾಟ ಮಾಡಿದ ಅಂಗಡಿಯವರಿಗೆ ಐದನೆಯ ಸುತ್ತಿನ ತಪ್ಪು, ಪದಗಳ ಗೊಂದಲ, ಎಚ್ಚರಿಕೆಯ ಜಾಗ, ಮೂರನ್ನೂ ಪುಟಸಂಖ್ಯೆ ಸಹಿತ ಮಿಂಚಂಚೆಯಲ್ಲಿ ಬರೆದೆ. ಹನ್ನೊಂದು ದಿನದ ಮೇಲೆ ಸವಿನಯವಾದ ಉತ್ತರವೂ ಒಂದು ತಿದ್ದುಪಡಿ ಹಾಳೆಯೂ ಬಂದವು. ಉತ್ತರ ಬರೆದವರು ಮನುಷ್ಯರೇ, ನನ್ನ ಪ್ರಶ್ನೆಗಳನ್ನು ಓದಿಯೇ ಬರೆದಿದ್ದರು. ಈ ಕಾಲದಲ್ಲಿ ಅದು ಸಣ್ಣ ಸಂಗತಿಯಲ್ಲ. ತಿದ್ದುಪಡಿ ಹಾಳೆಯಲ್ಲಿ ಐದನೆಯ ಸುತ್ತು ಸರಿಯಾಗಿತ್ತು. ಅದರ ಕೆಳಗೆ ಆರನೆಯ ಸುತ್ತಿನ ಮೊತ್ತ 36 ಎನ್ನುವುದು 63 ಆಗಿತ್ತು. ಅದನ್ನು ಅವರಿಗೆ ಬರೆಯಲಿಲ್ಲ. ಹೆಂಡತಿ ಬೇಡವೆಂದಳು.

ಹಾಗಾದರೆ ಮೂರು ನಕ್ಷತ್ರ ಯಾವುದಕ್ಕೆ ಎಂದರೆ, ನೂಲಿಗೆ ಒಂದು, ಗೊಂಬೆಗಳ ರೂಪಕ್ಕೆ ಒಂದು. ಮೂಗು ಬಾಯಿಗಳಿಲ್ಲದೆ ಬರಿಯ ಗಡ್ಡ, ಮುಸುಕು, ಕೋಲುಗಳಿಂದಲೇ ಯಾರು ಯಾರೆಂದು ತಿಳಿಯುವಂತೆ ಚಿತ್ರಿಸಿದವರು ನಿಜವಾದ ಕುಶಲಿಗಳು. ಮೂರನೆಯ ನಕ್ಷತ್ರ ಸಂಜೆಗಳಿಗೆ. ಮದುವೆಯಾಗಿ ನಲವತ್ತಾರು ವರ್ಷದಲ್ಲಿ ಅವಳು ಹೆಣೆಯುವಾಗ ನಾನು ಎದುರಿಗೆ ಕುಳಿತು ಪತ್ರಿಕೆ ಓದುತ್ತಿದ್ದೆ. ಅವಳ ತುಟಿ ಏಕೆ ಸದಾ ಅಲುಗುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ, ಜಪವೆಂದು ತಿಳಿದಿದ್ದೆ. ಅವಳು ಎಣಿಸುತ್ತಿದ್ದಳು. ಈಗ ನನ್ನ ತುಟಿಯೂ ಅಲುಗುತ್ತದೆ, ಯಾರಾದರೂ ಮಾತನಾಡಿಸಿದರೆ ಸಿಟ್ಟು ಬರುತ್ತದೆ. ಹಿಂದೆ ಎಷ್ಟೋ ಸಲ ಕುಣಿಕೆಯ ನಡುವೆ ಅವಳನ್ನು ಕರೆದು ಕಾಫಿ ಕೇಳಿದ್ದೇನೆ.

ಪ್ಲಾಸ್ಟರ್ ತೆಗೆದದ್ದು ಡಿಸೆಂಬರ್ ಮೂರನೆಯ ವಾರದಲ್ಲಿ. ಮಗುವನ್ನು ನನಗೆ ಮಾಡಲು ಕೊಟ್ಟಿರಲಿಲ್ಲ, ಅದನ್ನು ತನಗೆಂದೇ ಇಟ್ಟುಕೊಂಡಿದ್ದಳು. ಬೆರಳುಗಳು ಬಿಗಿದಿದ್ದವು, ನನ್ನ ಒಂದು ಸುತ್ತಿನ ಹೊತ್ತಿನಲ್ಲಿ ಅವಳದೂ ಒಂದೇ ಸುತ್ತು ಆಗುತ್ತಿತ್ತು. ಇಪ್ಪತ್ತನಾಲ್ಕರ ಸಂಜೆ ಮಗಳ ಕಾರು ಬಾಗಿಲಿಗೆ ಬಂದಾಗ ಅಜ್ಜಿ ಮಗುವಿನ ಮುಚ್ಚಿದ ಎರಡನೆಯ ಕಣ್ಣನ್ನು ಬಿಡಿಸುತ್ತಿದ್ದಳು. ಕಿರಿಯ ಮೊಮ್ಮಗ ನೇರ ಒಳಗೆ ಬಂದು, ಗೋದಲಿಯ ಮುಂದೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಹೋದ ವರ್ಷದ ಬೈಗುಳ ಅವನಿಗೆ ನೆನಪಿತ್ತೆಂದು ಕಾಣುತ್ತದೆ. “ಮುಟ್ಟು” ಎಂದಳು ಅಜ್ಜಿ. ಅವನು ಬಹಳ ಹೊತ್ತು ಅವಳ ಮುಖ ನೋಡಿದ. ಆಮೇಲೆ ಕತ್ತೆಯನ್ನು ಕಿವಿ ಹಿಡಿದು ಎತ್ತಿದ.

ಕೊಳ್ಳುವವರಿಗೆ ಕೊನೆಯದಾಗಿ ಒಗೆಯುವ ವಿಷಯ. ಯಂತ್ರದಲ್ಲಿ 30 ಡಿಗ್ರಿಯಲ್ಲಿ ಒಗೆಯಬಹುದು ಎಂದು ಪುಸ್ತಿಕೆ ಹೇಳುತ್ತದೆ. ಜನವರಿಯಲ್ಲಿ ಕತ್ತೆಯನ್ನು ಒಗೆಯಲೇಬೇಕಾಯಿತು, ಅದು ಹನ್ನೆರಡು ದಿನ ಮೊಮ್ಮಗನ ಜೊತೆಯಲ್ಲಿಯೇ ಉಂಡು ಮಲಗಿತ್ತು. ಒಂದಕ್ಕಾಗಿ ಯಂತ್ರ ಏಕೆಂದು ಉಳಿದವರನ್ನೂ ಹಾಕಿದೆ. ಕಂದು, ಹಸಿರು, ನೀಲಿ ಯಾವುದೂ ಬಣ್ಣ ಬಿಡಲಿಲ್ಲ. ಕೆಂಪು ಬಿಟ್ಟಿತು. ಕೆಂಪು ನಿಲುವಂಗಿಯ ಜ್ಞಾನಿಯನ್ನು ಬಕೆಟ್ಟಿನಲ್ಲಿ ಬೇರೆಯಾಗಿ ಒಗೆಯಿರಿ. ನಮ್ಮವನ ಗಡ್ಡ ಗುಲಾಬಿಯಾಗಿದೆ, ಮೂರನೆಯ ಕುರಿಯೂ ಸ್ವಲ್ಪ.